ಲಾಯರ್ ನಂಬರ್ ಕೇಳುವವರಿಗೆ

ತಾಲ್ಲೂಕು ಆಫೀಸಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಪಕ್ಕದ ಕಾಂಪೌಂಡೇ ಕೋರ್ಟು. ಹಾಗಾಗಿ ವಕೀಲರೂ ಬರುತ್ತಾರೆ, ಅವರ ಗುಮಾಸ್ತರೂ ಬರುತ್ತಾರೆ, ಎಲ್ಲರಿಗಿಂತ ಜಾಸ್ತಿ ಕಕ್ಷಿದಾರರು ಬರುತ್ತಾರೆ. ತವರಿನ ಜಮೀನಿನಲ್ಲಿ ಅಮ್ಮನ ಪಾಲಿನ ಕೇಸು ಮುಗಿದ ವಿಷಯ ಊರಲ್ಲಿ ಹರಡಿದ ಮೇಲೆ "ಆ ಲಾಯರ್ ನಂಬರ್ ಕೊಡಣ್ಣ" ಅಂತ ಕೇಳುವವರು ಹೆಚ್ಚಾಗಿದ್ದಾರೆ. ನಾನು ಕೊಡುವುದಿಲ್ಲ. ಜಂಬ ಅಂದುಕೊಳ್ಳುತ್ತಾರೆ. ಪಾಲಿನ ಕೇಸಿಗೆ ಸರಿಹೋದವರು ಚೆಕ್ ಬೌನ್ಸಿಗೋ ಡೈವೋರ್ಸಿಗೋ ಸರಿಹೋಗಬೇಕು ಅಂತೇನೂ ಇಲ್ಲವಲ್ಲ. ನಂಬರಿನ ಬದಲು ನಾನು ಹೇಳುವುದು ಇಷ್ಟೇ: ಮೊದಲ ದಿನ ನಿಮ್ಮ ಕಾಗದಗಳನ್ನು ಯಾರು ಕೂತು ಓದುತ್ತಾರೆ ನೋಡಿ. ಹೆಸರು, ಆಫೀಸು, ಕಾರು ಎಲ್ಲ ಆಮೇಲೆ.

ಇದು ನನಗೆ ಗೊತ್ತಾಗಿದ್ದು ಅಂಗಡಿಯಿಂದಲೇ. ಕೆಲವು ವಕೀಲರ ಕಕ್ಷಿದಾರರು ಒಂದು ಪಟ್ಟಿ ಹಿಡಿದು ಬರುತ್ತಾರೆ. ಇಂತಿಂಥ ವರ್ಷದ ಪಹಣಿ, ಎಂ.ಆರ್. (ಖಾತೆ ಬದಲಾವಣೆ) ನಕಲು, ಇಸಿ (ಋಣಭಾರ ಪತ್ರ), ವಂಶವೃಕ್ಷ, ಮರಣ ಪತ್ರ, ಎಲ್ಲ ಎರಡೆರಡು ಸೆಟ್. ಇನ್ನು ಕೆಲವರ ಕಕ್ಷಿದಾರರು ವರ್ಷಗಟ್ಟಲೆ ಓಡಾಡಿದರೂ ಅವರ ಕೈಯಲ್ಲಿ ಒಂದು ಕಾಗದ ಇರುವುದಿಲ್ಲ. "ಎಲ್ಲಾ ಲಾಯರ್ ಹತ್ರನೇ ಇದೆ" ಅನ್ನುತ್ತಾರೆ. ಮುಂದಿನ ವಾಯಿದೆ ಯಾವತ್ತು ಅಂದರೆ ಅದೂ ಲಾಯರ್‌ಗೇ ಗೊತ್ತು. ಇವರಲ್ಲಿ ಯಾರ ಕೇಸು ಮುಂದೆ ಹೋಗುತ್ತೆ, ಯಾರದು ಕೂತಲ್ಲೇ ಕೂರುತ್ತೆ ಅಂತ ಹೇಳಲು ಕಾನೂನು ಓದಬೇಕಾಗಿಲ್ಲ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅಮ್ಮನ ತವರು ಅರಸೀಕೆರೆ ಕಡೆ. ತಾತನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ತಾತನಿಗೆ ಅವರಪ್ಪನಿಂದ ಬಂದಿದ್ದು 4 ಎಕರೆ 20 ಗುಂಟೆ ತೆಂಗಿನ ತೋಟ. ತಾವೇ 1978ರಲ್ಲಿ ಕ್ರಯಕ್ಕೆ ತೆಗೆದುಕೊಂಡಿದ್ದು ಒಂದು ಎಕರೆ ಹೊಲ. 2003ರಲ್ಲಿ ತಾತ ತೀರಿಕೊಂಡರು, ವಿಲ್ ಬರೆದಿರಲಿಲ್ಲ. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದರು. 2006ರಲ್ಲಿ ಮಾವಂದಿರು ಬಿಳಿ ಹಾಳೆಯಲ್ಲಿ ಒಂದು ಪಾಲುಪಟ್ಟಿ ಬರೆದುಕೊಂಡು ಖಾತೆ ಮಾಡಿಸಿಕೊಂಡರು. ಅಮ್ಮ, ಚಿಕ್ಕಮ್ಮ ಇಬ್ಬರ ಕೈಲೂ ಒಂದು ಒಪ್ಪಿಗೆ ಕಾಗದಕ್ಕೆ ಸೈನ್ ಹಾಕಿಸಿಕೊಂಡಿದ್ದರು. ಹಬ್ಬಕ್ಕೆ ಹೋದಾಗ, ಊಟ ಆದ ಮೇಲೆ. ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಹೇಳಿ.

2017ರಲ್ಲಿ ಅಪ್ಪನ ಕಾಯಿಲೆಗೆ ದುಡ್ಡು ಬೇಕಾದಾಗ ಅಮ್ಮ ಮೊದಲ ಸಲ ಪಾಲಿನ ಮಾತು ಎತ್ತಿದರು. ಆಗ ಒಬ್ಬ ವಕೀಲರನ್ನು ಕೇಳಿದೆವು. "ಮದುವೆ ಯಾವಾಗ ಆಗಿದ್ದು?" ಅಂದರು. 1989. "94ಕ್ಕೆ ಮುಂಚೆ ಮದುವೆ ಆದೋರಿಗೆ ಏನೂ ಬರಲ್ಲಮ್ಮ." ಮಾತು ಅಲ್ಲಿಗೆ ಮುಗಿಯಿತು.

ಅವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಒಂದು ತಿದ್ದುಪಡಿ ಬಂತು. ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯ ಹಕ್ಕುದಾರರು, ಆದರೆ ಅಷ್ಟರೊಳಗೆ ಮದುವೆ ಆದವರಿಗೆ ಇಲ್ಲ ಅಂತ. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಕೇಂದ್ರದ ತಿದ್ದುಪಡಿ ಬಂತು. ಅದರಲ್ಲಿ ಮದುವೆ ಆಗಿದೆಯೋ ಇಲ್ಲವೋ ಅನ್ನುವ ಭೇದ ಇಲ್ಲ. ಆದರೆ 2015ರಲ್ಲಿ ಸುಪ್ರೀಂ ಕೋರ್ಟು, ಅದೂ ನಮ್ಮ ಬೆಳಗಾವಿ ಕಡೆಯಿಂದ ಹೋದ ಕೇಸಿನಲ್ಲಿ, 2005ರ ಆ ದಿನ ಅಪ್ಪ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಅಂದಿತು. ತಾತ ಹೋಗಿದ್ದು 2003. ಅಂದರೆ 2017ರಲ್ಲಿ ಅಮ್ಮನಿಗೆ ಸಮಪಾಲು ಕಷ್ಟವೇ ಇತ್ತು. 2018ರಲ್ಲಿ ಕರ್ನಾಟಕದ್ದೇ ಇನ್ನೊಂದು ಕೇಸಿನಲ್ಲಿ, ಅಪ್ಪ 2001ರಲ್ಲೇ ತೀರಿಹೋಗಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರು. ಗೊಂದಲ ಹೆಚ್ಚಾಯಿತು. ಕೊನೆಗೆ 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು, ಹಕ್ಕು ಹುಟ್ಟಿನಿಂದಲೇ ಬರುವುದು, ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ ಹೇಳಿ ತೆರೆ ಎಳೆದರು. 2004ರ ಡಿಸೆಂಬರ್ 20ಕ್ಕೆ ಮುಂಚೆ ನಿಜವಾಗಿ ಪಾಲಾಗಿದ್ದರೆ, ಮಾರಿಬಿಟ್ಟಿದ್ದರೆ ಅದನ್ನು ಮಾತ್ರ ಕೆದಕುವ ಹಾಗಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, 2021ರಲ್ಲಿ ಮತ್ತೆ ವಕೀಲರನ್ನು ಹುಡುಕಲು ಹೊರಟಾಗ ನಮ್ಮ ಕೈಯಲ್ಲಿ ಇದ್ದ ಪರೀಕ್ಷೆ ಇದೊಂದೇ. ತೀರ್ಪಿನ ಸುದ್ದಿ ಪೇಪರಿನಲ್ಲಿ ಬಂದಿತ್ತು. ಒಬ್ಬರ ಹತ್ತಿರ ಹೋದರೆ ಮತ್ತೆ ಅದೇ 94ರ ಕಥೆ. ಪೇಪರಿನಲ್ಲಿ ಬಂದಿದ್ದನ್ನು ಹೇಳಿದೆ. "ಪೇಪರ್ ಓದಿ ಕೇಸ್ ನಡೆಸ್ತೀರಾ?" ಅಂದರು. ಕಕ್ಷಿದಾರನ ಪ್ರಶ್ನೆಗೆ ಸಿಟ್ಟು ಬರುವ ವಕೀಲರ ಹತ್ತಿರ ವರ್ಷಗಟ್ಟಲೆ ಹೇಗೆ ಏಗೋದು? ಎದ್ದು ಬಂದೆವು.

ಇನ್ನೊಬ್ಬರು ಜಿಲ್ಲಾ ಕೇಂದ್ರದವರು, ದೊಡ್ಡ ಹೆಸರು. ಹೊರಗೆ ಕಾಯುವವರ ಸಾಲು. ಫೈಲು ಬಿಚ್ಚಲೇ ಇಲ್ಲ. "ಕೇಸು ಗೆದ್ದ ಹಾಗೇ ಅಂದ್ಕೊಳ್ಳಿ. ಫೀಸು ಈಗ ಬೇಡ, ಜಮೀನು ಬಂದ ಮೇಲೆ ಅದರಲ್ಲಿ ಹತ್ತು ಪರ್ಸೆಂಟ್ ಕೊಡಿ" ಅಂದರು. ಅಮ್ಮನಿಗೆ ಇದು ಬಹಳ ಇಷ್ಟ ಆಯಿತು, ಕೈಯಿಂದ ದುಡ್ಡು ಹಾಕಬೇಕಿಲ್ಲವಲ್ಲ. ಆದರೆ ಗೆದ್ದರೆ ಇಷ್ಟು ಪಾಲು ಅಂತ ಮಾತಾಡಿಕೊಳ್ಳುವುದು ವಕೀಲರಿಗೆ ನಿಷಿದ್ಧ. ಬಾರ್ ಕೌನ್ಸಿಲ್ ನಿಯಮದಲ್ಲೇ ಇದೆ, ಸುಪ್ರೀಂ ಕೋರ್ಟೂ ಹೇಳಿದೆ. ನಿಯಮ ಬಿಡಿ, ಕಾಗದ ನೋಡದೆ ಗೆಲುವು ಹೇಳುವವರು ನಾಳೆ ಸೋತಾಗಲೂ ಕಾಗದ ನೋಡದೆಯೇ ಏನೋ ಒಂದು ಹೇಳುತ್ತಾರೆ. ಹಾಗೇ, ವಕೀಲರು ಜಾಹೀರಾತು ಕೊಡುವ ಹಾಗೂ ಇಲ್ಲ. ರೀಲ್ಸ್‌ನಲ್ಲಿ "ನೂರಕ್ಕೆ ನೂರು ನ್ಯಾಯ" ಅಂತ ನಂಬರ್ ತೋರಿಸುವವರನ್ನು ನೋಡಿದಾಗ ನನಗೆ ನಗು ಬರುತ್ತೆ. ಕೋರ್ಟಿನ ಗೇಟಲ್ಲಿ "ಯಾವ ಕೇಸು ಯಜಮಾನ್ರೆ?" ಅಂತ ಹೆಗಲ ಮೇಲೆ ಕೈ ಹಾಕುವವರ ಬಗ್ಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ಸಿಕ್ಕವರು ನಮ್ಮ ಅಂಗಡಿಗೇ ಬರುತ್ತಿದ್ದ ಒಬ್ಬ ಮೇಡಂ. ಪಟ್ಟಿ ಬರೆದು ಕಳಿಸುತ್ತಿದ್ದವರಲ್ಲಿ ಒಬ್ಬರು. ಹೆಸರು ಬೇಡ, ಅವರಿಗೆ ಇಷ್ಟ ಆಗುವುದಿಲ್ಲ. ನೋಡಿ ಹೇಳುವುದಕ್ಕೇ ಫೀಸು ಆಗುತ್ತೆ ಅಂತ ಮೊದಲೇ ಹೇಳಿದರು. ಅಮ್ಮ ಮುಖ ಸಣ್ಣ ಮಾಡಿದರು. ಸುಮ್ನೆ ಮಾತಾಡೋಕೂ ದುಡ್ಡಾ ಅಂತ. ಆದರೆ ಅವತ್ತು ಅವರು ಮಾತಾಡಿದ್ದೇ ಕಮ್ಮಿ. ಪಹಣಿ ಒಂದೊಂದೇ ತೆಗೆದು ಕಾಲಂ ಮೇಲೆ ಪೆನ್ಸಿಲ್ ಇಟ್ಟು ಓದಿದರು. ಮಧ್ಯೆ ಮಧ್ಯೆ ಪ್ರಶ್ನೆ.

"ಈ ಸರ್ವೆ ನಂಬರು ನಿಮ್ಮ ತಾತನಿಗೆ ಅವರಪ್ಪನಿಂದ ಬಂತೋ, ಕೊಂಡಿದ್ದೋ?"

"ತಂಗಿ ಇದಾರಲ್ಲ, ಅವರು ಏನಂತಾರೆ?"

"ಯಾವುದಾದ್ರೂ ತುಂಡು ಮಾರಿದಾರಾ? ಸೊಸೈಟಿ ಸಾಲ ಇದೆಯಾ?"

ಆಮೇಲೆ ಪೆನ್ಸಿಲ್ ಕೆಳಗಿಟ್ಟು, "ಅಮ್ಮ, ನೀವು ಎಲ್ಲಾದ್ರೂ ಸೈನ್ ಹಾಕಿದೀರಾ?"

ಅಮ್ಮ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಆ ಒಪ್ಪಿಗೆ ಕಾಗದದ ವಿಷಯ ಹೇಳಿದರು. ಹೇಳಿದರೆ ಕೇಸೇ ಬೇಡ ಅನ್ನುತ್ತಾರೇನೋ ಅಂತ ಹೆದರಿಕೆ. ಮೇಡಂ ಮಾತ್ರ, "ಒಳ್ಳೇದಾಯ್ತು ಈಗಲೇ ಹೇಳಿದ್ದು. ರಿಜಿಸ್ಟರ್ ಆಫೀಸಿಗೆ ಹೋಗಿದ್ರಾ? ಇಲ್ಲ ಅಲ್ವಾ? ಹಾಗಾದ್ರೆ ಖಾತೆಗೆ ಒಪ್ಪಿದ್ದು ಬೇರೆ, ಹಕ್ಕು ಬಿಟ್ಟುಕೊಟ್ಟಿದ್ದು ಬೇರೆ. ಇದನ್ನ ಅವರು ಕೋರ್ಟಲ್ಲಿ ತೆಗೆದೇ ತೆಗೀತಾರೆ. ನಾವೇ ಮೊದಲು ದಾವೇಲಿ ಬರೆಯೋಣ" ಅಂದರು. ವಕೀಲರಿಗೆ ಹೇಳಿದ ಗುಟ್ಟು ಹೊರಗೆ ಹೋಗದ ಹಾಗೆ ಕಾನೂನೇ ಕಾವಲಿದೆ. ಹಾಗಿದ್ದರೂ ಜನ ಡಾಕ್ಟರ ಹತ್ತಿರ ಹೇಳುವಷ್ಟನ್ನೂ ವಕೀಲರ ಹತ್ತಿರ ಹೇಳುವುದಿಲ್ಲ. ಎದುರಾಳಿ ವಕೀಲರ ಬಾಯಿಂದ ಕಟಕಟೆಯಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ಚೇಂಬರಿನಲ್ಲಿ ಹೇಳಿಬಿಡುವುದು ಎಷ್ಟೋ ವಾಸಿ.

ಆಮೇಲೆ ಒಂದು ಹಳೇ ಹಾಳೆಯ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಪಿತ್ರಾರ್ಜಿತ 180 ಗುಂಟೆ. ಈಗಿನ ಕಾನೂನಿನಂತೆ ನಾಲ್ಕು ಮಕ್ಕಳಿಗೂ ಸಮ, ಅಂದರೆ ಅಮ್ಮನಿಗೆ 45 ಗುಂಟೆ. ತಾತ ಕೊಂಡ ಒಂದು ಎಕರೆಯಲ್ಲಿ 10 ಗುಂಟೆ. ಒಟ್ಟು 1 ಎಕರೆ 15 ಗುಂಟೆ. "2017ರಲ್ಲಿ ಬಂದಿದ್ರೂ ಏನೂ ಇಲ್ಲ ಅನ್ನೋ ಹಾಗಿರಲಿಲ್ಲ" ಅಂತ ಕೆಳಗೆ ಇನ್ನೊಂದು ಸಾಲು ಬರೆದರು. ಆಗಿನ ಲೆಕ್ಕದಲ್ಲಿ ತಾತ, ಇಬ್ಬರು ಗಂಡುಮಕ್ಕಳು ಅಂತ ಮೂರು ಪಾಲು; ತಾತನಿಗೆ ಮೂರನೇ ಒಂದು ಭಾಗ, 60 ಗುಂಟೆ. ಅದು ನಾಲ್ಕು ಮಕ್ಕಳಿಗೆ ಹಂಚಿದರೆ ತಲಾ 15. ಕ್ರಯದ ಜಮೀನಿನ 10 ಹೇಗೂ ಇತ್ತು. ಅಂದರೆ 25 ಗುಂಟೆ ಬರಬೇಕಿದ್ದ ಕಡೆ ಮೊದಲನೆಯವರು ಸೊನ್ನೆ ಹೇಳಿ ಕಳಿಸಿದ್ದರು. ಅವರೂ ಮದುವೆ ವರ್ಷ ಕೇಳಿದರೇ ಹೊರತು ತಾತ ಯಾವ ಜಮೀನು ಕೊಂಡಿದ್ದರು ಅಂತ ಕೇಳಲಿಲ್ಲ.

ಕೊನೆಗೆ ನಾನು ಕೇಳಿದೆ, ಈ ಕೇಸಲ್ಲಿ ನಮಗೆ ಕಷ್ಟ ಎಲ್ಲಿದೆ ಮೇಡಂ ಅಂತ. ನೀವೂ ಇದನ್ನು ಕೇಳಲೇಬೇಕು. "ತಾತ ಇದ್ದಾಗಲೇ ಬಾಯಿಮಾತಲ್ಲಿ ಪಾಲಾಗಿತ್ತು ಅಂತಾರೆ. ಸಾಕ್ಷಿಗೆ ಊರವರನ್ನ ಕರೆತರ್ತಾರೆ. ಕಾಗದ ಇಲ್ಲದೆ ಅದು ನಿಲ್ಲೋದು ಕಷ್ಟ, ಆದ್ರೆ ಎಳೀತಾರೆ" ಅಂದರು. ಎಷ್ಟು ವರ್ಷ ಆಗುತ್ತೆ ಅಂದಿದ್ದಕ್ಕೆ ವರ್ಷ ಹೇಳಲಿಲ್ಲ. ಅಲ್ಲೇ ವಕಾಲತ್ತಿಗೆ ಸೈನ್ ಹಾಕಿದೆವು.

ಫೀಸಿನ ಮಾತು. ನಮ್ಮ ಕಡೆ ಇದನ್ನು ಮಾತಾಡಲು ಎಲ್ಲರಿಗೂ ಸಂಕೋಚ, ವಕೀಲರಿಗೂ ಸಂಕೋಚ. ಆಮೇಲೆ ವಾಯಿದೆಗೆ ಇಷ್ಟು ಅಂತ ಕೊಡುತ್ತಾ ಹೋಗಿ, ವಾಯಿದೆ ಜಾಸ್ತಿ ಆದಷ್ಟೂ ಯಾರಿಗೆ ಲಾಭ ಅಂತ ಮನಸ್ಸಿನಲ್ಲೇ ಕೊರಗುವುದು. ನಾವು ಹಂತ ಹಂತಕ್ಕೆ ಮಾತಾಡಿಕೊಂಡೆವು. ದಾವೆ ಹಾಕುವಾಗ ಇಷ್ಟು, ಸಾಕ್ಷಿ ಶುರುವಾದಾಗ ಇಷ್ಟು, ವಾದಕ್ಕೆ ಇಷ್ಟು. ಟೈಪಿಂಗು, ಪ್ರೋಸೆಸ್ ಫೀಸು, ಸರ್ಟಿಫೈಡ್ ಕಾಪಿ ಖರ್ಚು ನಮ್ಮದು. ಎಲ್ಲ ಫೋನ್‌ಪೇನಲ್ಲಿ, ಹಾಗಾಗಿ ಲೆಕ್ಕ ತಾನಾಗೇ ಉಳಿಯಿತು. ಜಂಟಿ ಸ್ವಾಧೀನ ಇದೆ ಅಂತ ಹಾಕುವ ಪಾಲಿನ ದಾವೆಗೆ ನಾವು ಕಟ್ಟಿದ ಕೋರ್ಟ್ ಫೀಸು 200 ರೂಪಾಯಿ. ಅಮ್ಮ ನಂಬಲೇ ಇಲ್ಲ. ಕೋರ್ಟ್ ಫೀಸೇ ಲಕ್ಷ ಆಗುತ್ತೆ ಅಂತ ಯಾರೋ ಹೆದರಿಸಿದ್ದರು. ಸ್ವಾಧೀನವೇ ಇಲ್ಲ, ನಮ್ಮನ್ನು ಹೊರಗೆ ಹಾಕಿದ್ದಾರೆ ಅಂತ ಬರೆದರೆ ಪಾಲಿನ ಬೆಲೆಯ ಮೇಲೆ ಫೀಸು ಕಟ್ಟಬೇಕಾಗುತ್ತೆ. ಮಾವಂದಿರು ವರ್ಷಕ್ಕೆ ಒಂದಷ್ಟು ತೆಂಗಿನಕಾಯಿ ಅಮ್ಮನಿಗೆ ಕಳಿಸುತ್ತಿದ್ದರು. ಅದನ್ನೂ ಮೇಡಂ ಕೇಳಿ ಬರೆದುಕೊಂಡಿದ್ದು ಜಂಟಿ ಸ್ವಾಧೀನ ತೋರಿಸುವುದಕ್ಕೇ.

ಪಾಲಿನ ಕೇಸಿನಲ್ಲಿ ಇನ್ನೊಂದು ವಿಷಯ ಮೊದಲೇ ಕೇಳಿಕೊಳ್ಳಿ. ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ನಿಮಗೆ ಇಷ್ಟು ಪಾಲು ಅಂತ ಹೇಳುತ್ತೆ ಅಷ್ಟೇ. ಅಳೆದು, ಗಡಿ ಹಾಕಿ ಕೊಡುವುದು ಅಂತಿಮ ಡಿಕ್ರಿಯಲ್ಲಿ, ಅದಕ್ಕೆ ಬೇರೆ ನಡಾವಳಿ. ಗೆದ್ದೆವು ಅಂತ ಸಿಹಿ ಹಂಚಿ, ಎಫ್‌ಡಿಪಿ, ಅಂದರೆ ಆ ಅಂತಿಮ ಡಿಕ್ರಿಯ ಅರ್ಜಿ, ಹಾಕದೆ ವರ್ಷಗಟ್ಟಲೆ ಬಿಟ್ಟವರು ನನ್ನ ಅಂಗಡಿಗೆ ಬಂದಿದ್ದಾರೆ. 2022ರಲ್ಲಿ ಸುಪ್ರೀಂ ಕೋರ್ಟು, ಪಕ್ಷದವರು ಅರ್ಜಿ ಹಾಕಲಿ ಅಂತ ಕಾಯದೆ ಕೋರ್ಟೇ ಮುಂದುವರಿಸಬೇಕು ಅಂದಿದೆ. ಆದರೂ ನಿಮ್ಮ ವಕೀಲರ ಫೀಸಿನಲ್ಲಿ ಅದು ಸೇರಿದೆಯಾ, ಬೇರೆಯಾ ಅಂತ ಕೇಳುವುದು ಒಳ್ಳೆಯದು.

ಫೀಸು ಕೊಡುವ ಶಕ್ತಿಯೇ ಇಲ್ಲ ಅನ್ನುವವರು ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 1987ರ ಕಾಯ್ದೆಯೇ ಹಾಗಿದೆ. ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇರುತ್ತೆ, ಸಹಾಯವಾಣಿ 15100. ಅಮ್ಮನಿಗೂ ಈ ಅರ್ಹತೆ ಇತ್ತು. ಆ ಮೇಡಂ ಓದಿದ ರೀತಿ ನೋಡಿದ ಮೇಲೆ ಅವರೇ ಇರಲಿ ಅಂತ ನಾವು ದುಡ್ಡು ಕೊಟ್ಟೆವು.

ವಕೀಲರು ಸಿಕ್ಕ ಮೇಲೆ ನಮ್ಮ ಕೆಲಸ ಮುಗಿಯಿತು ಅಂತ ಅಲ್ಲ. ದಾವೆಯ ಕರಡು ಕೊಟ್ಟು "ಮನೇಲಿ ಓದಿ" ಅಂದರು. ಅಮ್ಮ ಕನ್ನಡಕ ಹಾಕಿಕೊಂಡು ಚಕ್ಕುಬಂದಿ ಓದುತ್ತಾ, "ಕೆರೆ ಪೂರ್ವಕ್ಕಿಲ್ವಲ್ಲೋ, ಪಶ್ಚಿಮಕ್ಕಿರೋದು" ಅಂದರು. ಟೈಪ್ ಮಾಡುವಾಗ ಪೂರ್ವ, ಪಶ್ಚಿಮ ಅದಲುಬದಲಾಗಿತ್ತು. ಡಿಕ್ರಿವರೆಗೂ ಹಾಗೇ ಹೋಗಿದ್ದರೆ ಸರ್ವೆಯವರು ಬಂದ ದಿನ ಹೊಸ ತಕರಾರು. ಆ ಜಮೀನಿನಲ್ಲಿ ಆಡಿ ಬೆಳೆದವರಿಗೆ ಗೊತ್ತಿರುವುದು ಯಾವ ವಕೀಲರಿಗೂ ಗೊತ್ತಿರುವುದಿಲ್ಲ.

ಚಿಕ್ಕಮ್ಮ ಅಣ್ಣಂದಿರ ಮೇಲೆ ಕೇಸು ಹಾಕಲ್ಲ ಅಂದರು. ಪಾಲುದಾರರು ಎಲ್ಲರೂ ಕೇಸಿನಲ್ಲಿ ಇರಲೇಬೇಕಾದ್ದರಿಂದ ಅವರನ್ನೂ ಪ್ರತಿವಾದಿ ಮಾಡಬೇಕಾಯಿತು. ನೋಟಿಸ್ ಹೋಗುವ ಮೊದಲೇ ಅಮ್ಮನ ಕೈಲಿ ಫೋನ್ ಮಾಡಿಸಿ ಯಾಕೆ ಅಂತ ಹೇಳಿಸಿದ್ದು ಮೇಡಂ ಐಡಿಯಾ. ಇಲ್ಲದಿದ್ದರೆ ಅಕ್ಕ ತಂಗಿ ಮಾತೂ ನಿಂತುಹೋಗುತ್ತಿತ್ತು.

ದಾವೆ ನಂಬರಾದ ದಿನವೇ ಸಿಎನ್ಆರ್ ನಂಬರ್, ಅಂದರೆ ಕೇಸಿನ ಗುರುತಿನ ಸಂಖ್ಯೆ, ಬರೆದುಕೊಳ್ಳಿ. ಅಕ್ಷರ, ಅಂಕಿ ಸೇರಿ 16, ನಮ್ಮ ರಾಜ್ಯದ್ದಾದರೆ ಕೆಎ ಅಂತ ಶುರು. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಯಾವುದಕ್ಕೆ ಅಂತ ಕಾಣುತ್ತೆ. ಆಗ "ಮೇಡಂ ಏನಾಯ್ತು, ಮೇಡಂ ಏನಾಯ್ತು" ಅಂತ ದಿನಾ ಫೋನ್ ಮಾಡುವ ಕೆಲಸ ಇಲ್ಲ. ಅವರಿಗೂ ಗೊತ್ತಾಗುತ್ತೆ, ಇವನು ನೋಡುತ್ತಿದ್ದಾನೆ ಅಂತ. ನಮ್ಮ ಮಾವಂದಿರ ಕಡೆಯಿಂದ ಜವಾಬು ಬರಲು ಎಳೆದಾಡಿದರು. ಕಾನೂನು 30 ದಿನ ಅನ್ನುತ್ತೆ, ಕಾರಣ ಇದ್ದರೆ ಕೋರ್ಟು 90 ದಿನದವರೆಗೆ ಬಿಡುತ್ತೆ. ಇದು ಗೊತ್ತಿದ್ದಿದ್ದರಿಂದ ಮೇಡಂ ಮೇಲೆ ರೇಗಲಿಲ್ಲ. ಎಷ್ಟೋ ಜನ ಎದುರಿನವರು ತೆಗೆದುಕೊಂಡ ಟೈಮಿಗೆ ತಮ್ಮ ವಕೀಲರನ್ನು ಬೈಯುತ್ತಾರೆ.

ರಸ್ತೆ ಪಕ್ಕದ ತುಂಡು ಮಾರಲು ಮಾವ ಅಡ್ವಾನ್ಸ್ ತಗೊಂಡಿದ್ದಾರೆ ಅನ್ನುವ ಸುದ್ದಿ ಊರಿಂದ ಬಂತು. ಅವತ್ತೇ ಒಂದು ವಾಟ್ಸಾಪ್ ಹಾಕಿದೆ: ಯಾರು ಹೇಳಿದ್ದು, ಯಾವ ಸರ್ವೆ ನಂಬರು, ಯಾವಾಗ. ಉದ್ದ ವಾಯ್ಸ್ ಮೆಸೇಜ್ ಇಲ್ಲ, ಅಳು ಇಲ್ಲ. ಅದನ್ನಿಟ್ಟುಕೊಂಡೇ ತಾತ್ಕಾಲಿಕ ತಡೆಯಾಜ್ಞೆ ಅರ್ಜಿ ಹಾಕಿದರು, ಸಿಕ್ಕಿತು.

ಅಮ್ಮನ ಪಾಟೀಸವಾಲಿಗೆ ಮುಂಚೆ ಮೇಡಂ ಒಂದು ಸಂಜೆ ಕೂರಿಸಿಕೊಂಡರು. ಇಂಥ ಉತ್ತರ ಹೇಳಿ ಅಂತ ಕಲಿಸಲಿಲ್ಲ. ಅಫಿಡವಿಟ್ಟನ್ನು ಇನ್ನೊಂದು ಸಲ ಓದಿಸಿದರು. "ಮದುವೇಲಿ ಎಷ್ಟು ಚಿನ್ನ ಹಾಕಿದ್ರು ಅಂತ ಕೇಳೇ ಕೇಳ್ತಾರೆ. ಎಷ್ಟೋ ಅಷ್ಟು ಹೇಳಿ. ಮದುವೆ ಖರ್ಚು ಪಾಲು ಕೊಟ್ಟ ಹಾಗಲ್ಲ. ನೆನಪಿಲ್ಲ ಅಂದ್ರೆ ನೆನಪಿಲ್ಲ ಅನ್ನಿ. ನನ್ನ ಮುಖ ನೋಡ್ಬೇಡಿ." ಕೋರ್ಟಲ್ಲಿ ಮೂರನೇ ಪ್ರಶ್ನೆಯೋ ನಾಲ್ಕನೇದೋ ಅದೇ ಬಂತು. "ಎರಡೆಳೆ ಸರ, ಒಂದು ಜೊತೆ ಓಲೆ. ನಮ್ಮಪ್ಪ ಹಾಕಿದ್ದು, ಅಣ್ಣಂದಿರಲ್ಲ" ಅಂದರು ಅಮ್ಮ. ಹಿಂದಿನ ಬೆಂಚಲ್ಲಿ ಯಾರೋ ನಕ್ಕರು. ಮಾವ ತಲೆ ತಗ್ಗಿಸಿದರು.

ವಕೀಲರನ್ನು ಬದಲಾಯಿಸಬಹುದಾ ಅಂತಲೂ ಕೇಳುತ್ತಾರೆ. ಖಂಡಿತ. ಹಳಬರಿಂದ ಎನ್ಒಸಿ ತೆಗೆದುಕೊಂಡು ಹೊಸಬರಿಗೆ ವಕಾಲತ್ತು. ಫೀಸು ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ 2000ದಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ನಿಜವಾಗಿ ಮೋಸ ಆಗಿದ್ದರೆ ದೂರು ಹೋಗಬೇಕಾದ್ದು ರಾಜ್ಯ ಬಾರ್ ಕೌನ್ಸಿಲ್‌ಗೆ. ಸೇವೆ ಸರಿ ಇಲ್ಲ ಅಂತ ಗ್ರಾಹಕರ ಕೋರ್ಟಿಗೆ ಹೋಗಲು ಆಗುವುದಿಲ್ಲ, 2024ರ ಮೇನಲ್ಲಿ ಆ ಬಾಗಿಲು ಮುಚ್ಚಿತು. ನನಗೆ ಆ ತೀರ್ಪು ಅಷ್ಟೇನೂ ರುಚಿಸಲಿಲ್ಲ. ಆದರೆ ವಾಯಿದೆ ಮುಂದೆ ಹೋಯಿತು ಅನ್ನುವ ಸಿಟ್ಟಿಗೆ ವಕೀಲರನ್ನು ಬದಲಾಯಿಸಬೇಡಿ. ಹೊಸಬರು ಫೈಲು ಓದಲು ಮತ್ತೆ ಟೈಮು ಕೇಳುತ್ತಾರೆ.

ಸಾಕ್ಷಿ ಮುಗಿಯುವ ಹೊತ್ತಿಗೆ ಜಡ್ಜು ಮಧ್ಯಸ್ಥಿಕೆಗೆ ಕಳಿಸಿದರು. ನಾನು ಬೇಡ ಅಂದೆ, ಗೆಲ್ಲುವ ಕೇಸಲ್ವಾ. ಮೇಡಂ, "ಗೆದ್ದ ಮೇಲೆ ಅಪೀಲು ಇರುತ್ತೆ. ಅಮ್ಮನಿಗೆ ಈಗ ಎಷ್ಟು ವಯಸ್ಸು ಹೇಳಿ" ಅಂದರು. ನಾನು ಸುಮ್ಮನಾದೆ. ಕೇಸು ರಾಜಿ ಆದರೆ ವಾದದ ಹಂತದ ಫೀಸು ಅವರಿಗೆ ಬರುವುದಿಲ್ಲ ಅನ್ನುವುದು ನನಗೆ ಹೊಳೆದದ್ದು ಆಮೇಲೆ. ತಾತನ ಹಳೇ ಮನೆಯ ಮೇಲಿನ ಹಕ್ಕು ಅಮ್ಮ ಬಿಟ್ಟರು, ಹೊಲದ 10 ಗುಂಟೆಯನ್ನೂ ಬಿಟ್ಟರು. ಕೆರೆ ಪಕ್ಕದ ತೋಟದಲ್ಲಿ 45 ಗುಂಟೆ ಒಂದೇ ಕಡೆ ಸಿಕ್ಕಿತು. ರಾಜಿ ಡಿಕ್ರಿ ಆಯಿತು. ಚಿಕ್ಕಮ್ಮನಿಗೂ ಪಾಲು ಬಂತು, ಅವರು ಅದನ್ನು ದೊಡ್ಡ ಮಾವನಿಗೇ ಗುತ್ತಿಗೆಗೆ ಕೊಟ್ಟಿದ್ದಾರೆ. ಅದು ಅವರಿಷ್ಟ.

ಡಿಕ್ರಿಯ ಸರ್ಟಿಫೈಡ್ ಕಾಪಿ ಕೈಗೆ ಬಂದ ಮೇಲೆ, ಮುಂದಿನ ಖಾತೆ ಕೆಲಸಕ್ಕೂ ಫೀಸು ಎಷ್ಟು ಅಂತ ಕೇಳಲು ಹೋಗಿದ್ದೆ. ಮೇಡಂ ಫೈಲನ್ನು ನನ್ನ ಕಡೆ ತಳ್ಳಿದರು. "11ಇ ಸ್ಕೆಚ್ಚಿಗೆ, ಅದೇ ಜಮೀನು ಅಳೆದ ನಕ್ಷೆಗೆ, ಅರ್ಜಿ ಹಾಕು, ಸರ್ವೆಯವರು ಬರ್ತಾರೆ. ಆಮೇಲೆ ಡಿಕ್ರಿ ಕಾಪಿ ಇಟ್ಟು ಮ್ಯುಟೇಷನ್‌ಗೆ ಅರ್ಜಿ ಕೊಡು. ಇದಕ್ಕೆಲ್ಲ ಲಾಯರ್ ಬೇಡ ಕಣಪ್ಪ, ತಾಲ್ಲೂಕು ಆಫೀಸಿನ ಎದುರಲ್ಲೇ ಕೂತಿದೀಯಲ್ಲ."